ಎತ್ತಿಗೆ ಹೆಸರು, ಕಡಸಿಗೆ ಕಾವಲು

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಕರುಗಳ ಹರಾಜು ನಡೆಯುವ ದಿನ ದೂರದೂರದ ಜಿಲ್ಲೆಗಳ ರೈತರು ಬಂದು ಸೇರುತ್ತಾರೆ. ಕೋಡಿನ ಬುಡ, ಬೆನ್ನಿನ ನೇರ, ಗೊರಸು, ಸುಳಿ ಎಲ್ಲವನ್ನೂ ನೋಡಿ ಜೋಡಿ ಕೂಡಿಸಿಕೊಂಡು ಕೂಗುತ್ತಾರೆ. ಕೊಂಡ ಕರುಗಳು ಹಗ್ಗ ಕಂಡವಲ್ಲ. ಅವನ್ನು ವಾಹನಕ್ಕೆ ಹತ್ತಿಸುವುದೇ ಒಂದು ಸಾಹಸ. ಮರುದಿನದ ಪತ್ರಿಕೆಗಳಲ್ಲಿ ಜೋಡಿಗೆ ಬಿದ್ದ ಬೆಲೆ ಸುದ್ದಿಯಾಗುತ್ತದೆ. ಹೀಗೆ ಹರಾಜಿಗೆ ಬರುವುದು ಹೋರಿಗರುಗಳು. ಅದೇ ವರ್ಷ ಹುಟ್ಟಿ, ಹಾಲು ಬಿಟ್ಟು, ಮೇವಿಗೆ ಬಿದ್ದ ಹೆಣ್ಣುಗರುಗಳು ಆ ದಿನ ಯಾರ ಕಣ್ಣಿಗೂ ಬೀಳದೆ ಕಾವಲಿನಲ್ಲಿ ಮೇಯುತ್ತಿರುತ್ತವೆ. ಅವು ಮಾರಾಟಕ್ಕಲ್ಲ. ಮುಂದಿನ ಹಿಂಡು ಅವುಗಳಿಂದಲೇ ಆಗಬೇಕು.

ಅಮೃತ ಮಹಲ್ ಎಂದೊಡನೆ ನೆನಪಾಗುವುದು ಹೈದರ್ ಮತ್ತು ಟಿಪ್ಪುವಿನ ಫಿರಂಗಿ ಎಳೆದ ಎತ್ತುಗಳು. ಅವುಗಳ ವೇಗ, ತಾಳಿಕೆಗಳ ಬಗ್ಗೆ ಬರೆದವರಿಗೆ ಕಡಿಮೆಯಿಲ್ಲ. ಆದರೆ ಆ ಎತ್ತುಗಳನ್ನು ಹೆತ್ತ ಹಸುಗಳ ಬಗ್ಗೆ, ಅದಕ್ಕಿಂತ ಮುಖ್ಯವಾಗಿ ಹಸುವಾಗುವ ಮೊದಲು ಮೂರು ನಾಲ್ಕು ವರ್ಷ ಏನನ್ನೂ ಕೊಡದೆ ಮೇಯ್ದುಕೊಂಡಿರುವ ಕಡಸುಗಳ ಬಗ್ಗೆ ಇತಿಹಾಸ ಬಹುಮಟ್ಟಿಗೆ ಮೌನವಾಗಿದೆ. ಒಂದು ತಳಿ ಉಳಿಯುವುದೂ ಅಳಿಯುವುದೂ ಈ ಮೂರು ನಾಲ್ಕು ವರ್ಷಗಳ ನಿರ್ವಹಣೆಯಲ್ಲೇ. ಮೈಸೂರಿನ ಈ ಹಿಂಡು ಅದನ್ನು ಒಮ್ಮೆಯಲ್ಲ, ಎರಡು ಸಲ ತೋರಿಸಿಕೊಟ್ಟಿದೆ.

ಕಡಸು ಎಂದರೆ ಹಾಲು ಬಿಟ್ಟ, ಇನ್ನೂ ಈಯದ ಹೆಣ್ಣು ರಾಸು. ಕೆಲವು ಕಡೆ ಇದಕ್ಕೆ ಮಣಕ ಎನ್ನುತ್ತಾರೆ. ಮನೆಯಲ್ಲಿರುವ ದನಗಳ ಪೈಕಿ ಇದರಷ್ಟು ಲಾಭವಿಲ್ಲದ ಪ್ರಾಣಿ ಇನ್ನೊಂದಿಲ್ಲ. ಎತ್ತು ಉಳುತ್ತದೆ, ಹಸು ಕರೆಯುತ್ತದೆ, ಎಳೆಗರು ಪಕ್ಕದಲ್ಲಿ ನಿಂತರೆ ತಾಯಿ ಸೊರೆಬಿಡುತ್ತದೆ. ಕಡಸು ಮಾತ್ರ ತಿನ್ನುತ್ತದೆ, ಸಗಣಿ ಹಾಕುತ್ತದೆ, ಅಷ್ಟೆ. ಮೇವು ಕಡಿಮೆಯಾದ ವರ್ಷ ಮೊದಲು ಕೈಬಿಡುವುದು ಅದನ್ನೇ. ಮೇವಿನ ಕೊರತೆ ತಟ್ಟಿದ ಗಾಯ ಅದರ ಮೈಯಲ್ಲಿ ಎದ್ದು ಕಾಣುವುದಿಲ್ಲ. ಮೂರು ವರ್ಷಕ್ಕೆ ಬೆದೆಗೆ ಬರಬೇಕಾದ್ದು ನಾಲ್ಕಕ್ಕೆ ಬರುತ್ತದೆ. ಅಥವಾ ಬರುವುದೇ ಇಲ್ಲ. ಆಗ ಅದನ್ನು ಗೊಡ್ಡು ಎಂದು ಕರೆದು ತಪ್ಪನ್ನು ಅದರ ತಲೆಗೇ ಕಟ್ಟುವುದು ರೂಢಿ.

ಕೌಟಿಲ್ಯನ ಲೆಕ್ಕ

ಈ ಸಮಸ್ಯೆ ಹಳೆಯದು. ಅದನ್ನು ಆಡಳಿತದ ಪ್ರಶ್ನೆಯಾಗಿ ಕಂಡವರ ಪೈಕಿ ಅತಿ ಹಳೆಯ ಸಾಕ್ಷಿ ಕೌಟಿಲ್ಯನ ಅರ್ಥಶಾಸ್ತ್ರ. ಮರೆತೇಹೋಗಿದ್ದ ಈ ಗ್ರಂಥವನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಗೋವುಗಳ ಅಧ್ಯಕ್ಷನ ಕರ್ತವ್ಯಗಳಿಗಾಗಿಯೇ ಒಂದು ಅಧ್ಯಾಯವಿದೆ. ಅಲ್ಲಿ ಹೆಣ್ಣು ರಾಸುಗಳನ್ನು ಒಂದೇ ರಾಶಿ ಮಾಡಿಲ್ಲ. ಎಳೆಗರು, ಹಾಲು ಬಿಟ್ಟ ಕಡಸು, ಮೊದಲ ಗಬ್ಬದ ಕಡಸು, ಗಬ್ಬದ ಹಸು, ಕರೆಯುವ ಹಸು, ಗೊಡ್ಡು ಹಸು ಎಂದು ಹಂತಹಂತವಾಗಿ ಹೆಸರಿಸಿ ಎಣಿಸಬೇಕೆಂದಿದೆ. ಹುಟ್ಟಿದ ಒಂದೆರಡು ತಿಂಗಳಲ್ಲಿ ಕರುವಿಗೆ ಮುದ್ರೆ ಹಾಕಬೇಕು. ಮೈಬಣ್ಣ, ಹುಟ್ಟು ಗುರುತು, ಕೋಡಿನ ಅಂತರ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು.

ಇದಕ್ಕಿಂತ ಕುತೂಹಲಕರವಾದದ್ದು ಹಿಂಡಿನ ರಚನೆ. ಗುತ್ತಿಗೆಯ ಮೇಲೆ ದನ ಸಾಕುವವನಿಗೆ ನೂರು ರಾಸುಗಳನ್ನು ಒಪ್ಪಿಸುವಾಗ ಮುದಿ ಹಸು, ಕರೆಯುವ ಹಸು, ಗಬ್ಬದ ಹಸು, ಮೊದಲ ಗಬ್ಬದ ಕಡಸು, ಗಬ್ಬವಾಗದ ಕಡಸು ಈ ಐದೂ ಸಮಪಾಲಿನಲ್ಲಿರಬೇಕು ಎಂಬುದು ನಿಯಮ. ಅಂದರೆ ನೂರರಲ್ಲಿ 40 ರಾಸುಗಳು ಒಮ್ಮೆಯೂ ಈಯದವು. ಅವನು ಪ್ರತಿ ವರ್ಷ ರಾಜ್ಯಕ್ಕೆ ಇಂತಿಷ್ಟು ತುಪ್ಪ ಕೊಡಬೇಕು. ತುಪ್ಪ ಬರುವುದು ಕರೆಯುವ 20 ಹಸುಗಳಿಂದ ಮಾತ್ರ. ಲಾಭದ ಆಸೆಗೆ ಬಿದ್ದವನು ಕಡಸುಗಳನ್ನು ಕಳೆದು ಕರೆಯುವ ಹಸುಗಳನ್ನೇ ತುಂಬಿಕೊಂಡಾನು, ನಾಲ್ಕೈದು ವರ್ಷದಲ್ಲಿ ಹಿಂಡು ಮುದಿಯಾಗಿ ಕುಸಿದೀತು ಎಂಬ ಎಚ್ಚರ ಈ ಸಮಪಾಲಿನ ಹಿಂದೆ ಇರುವಂತೆ ತೋರುತ್ತದೆ.

ಕೂಲಿಯ ಮೇಲೆ ದನ ಕಾಯುವವರ ವಿಷಯದಲ್ಲಿ ಕೌಟಿಲ್ಯ ಇನ್ನೂ ಖಡಾಖಂಡಿತ. ಅವರಿಗೆ ಸಂಬಳವನ್ನು ಹಣದಲ್ಲೇ ಕೊಡಬೇಕು. ಹಾಲು ತುಪ್ಪದಲ್ಲಿ ಕೊಟ್ಟರೆ ಅವರು ಕರುಗಳನ್ನು ಹಸಿವಿನಿಂದ ಕೊಲ್ಲುತ್ತಾರೆ ಎಂಬುದು ಅವನ ವಾದದ ಸಾರ. ಮಳೆಗಾಲ, ಶರತ್ತು, ಹೇಮಂತಗಳಲ್ಲಿ ದಿನಕ್ಕೆರಡು ಸಲ ಕರೆಯಬಹುದು, ಉಳಿದ ಕಾಲದಲ್ಲಿ ಒಂದೇ ಸಲ. ಮೀರಿ ಕರೆದವನ ಹೆಬ್ಬೆರಳು ಕತ್ತರಿಸಬೇಕೆಂದು ಬರೆದ. ಶಿಕ್ಷೆ ಕ್ರೂರವಾದದ್ದು, ಸಂದೇಹವಿಲ್ಲ. ಆದರೆ ಇಂದು ಕಸಿದ ಹಾಲು ನಾಳಿನ ಹಸುವಿನದು ಎಂಬ ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು.

ಬೆಣ್ಣೆ ಚಾವಡಿಯಿಂದ ಅಮೃತ ಮಹಲಿಗೆ

ಮೈಸೂರಿನ ಸರ್ಕಾರಿ ಹಿಂಡಿನ ಮೂಲವನ್ನು ವಿಜಯನಗರದ ಕಾಲಕ್ಕೆ ಒಯ್ಯುವುದು ವಾಡಿಕೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತರಿಸಿದ ಹಳ್ಳಿಕಾರ್ ಹಸುಗಳೇ ಅದರ ಬೀಜವೆಂದು ಗೆಜೆಟಿಯರುಗಳು ಹೇಳುತ್ತವೆ. 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಚಾವಡಿಗಳಾಗಿ ವಿಂಗಡಿಸಿದಾಗ ದನಗಳ ಇಲಾಖೆ ಬೆಣ್ಣೆ ಚಾವಡಿಯಾಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಕಾವಲುಗಳೆಂದು ಮೀಸಲಿಟ್ಟದ್ದೂ ಅವರೇ.

ಹೈದರಾಲಿಗೆ ಬೇಕಾದದ್ದು ಬೆಣ್ಣೆಯಲ್ಲ, ಎತ್ತು. ಪಾಳೆಯಗಾರರನ್ನು ಗೆದ್ದಾಗಲೆಲ್ಲ ಅವರ ದನಗಳೂ ಅವನ ಹಿಂಡಿಗೆ ಸೇರಿದವು. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ಹಿಂಡುಗಳ ಪಾಲನೆಗೆ ಹುಕುಂನಾಮೆಯೊಂದನ್ನು ಹೊರಡಿಸಿದ. ಅವನನ್ನು ಸೋಲಿಸಿದ ಇಂಗ್ಲಿಷರೂ ಈ ನಿಯಮಗಳನ್ನೇ ಬಹುಮಟ್ಟಿಗೆ ಅನುಸರಿಸಿದರೆಂಬುದು ಅವುಗಳ ಗಟ್ಟಿತನಕ್ಕೆ ಸಾಕ್ಷಿ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ದಖ್ಖನನ್ನು ದಾಟಿ ಬಂದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರಿನ ಚರಿತ್ರೆ ಬರೆದವರು ಒಕ್ಕೊರಲಿನಿಂದ ಹೇಳುತ್ತಾರೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಕರ್ನಲ್ ವೆಲ್ಲೆಸ್ಲಿಯೂ ಇವುಗಳನ್ನು ಹೊಗಳಿದ.

ಇಷ್ಟೆಲ್ಲ ಎತ್ತುಗಳು ಎಲ್ಲಿಂದ ಬಂದವು? ಯುದ್ಧಭೂಮಿಯಲ್ಲಿ ಎತ್ತು ಸತ್ತರೆ ಕಾವಲಿನಲ್ಲಿ ಇನ್ನೊಂದು ಹುಟ್ಟಬೇಕು. ಹುಟ್ಟಿದ ಗಂಡುಗರು ನೊಗಕ್ಕೆ ಬರಲು ಐದು ವರ್ಷ ಬೇಕು. ಅದನ್ನು ಹೆರುವ ತಾಯಿ ತಾನೇ ತಾಯಿಯಾಗಲು ನಾಲ್ಕು ವರ್ಷ ತೆಗೆದುಕೊಂಡಿರುತ್ತದೆ. ಸೇನೆಯ ಅಗತ್ಯ ಒಂದು ಬೇಸಿಗೆಯದಾದರೆ ಕಾವಲಿನ ಲೆಕ್ಕ ಒಂಬತ್ತು ಹತ್ತು ವರ್ಷಗಳದು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬಹುದು. ನೂರು ಹಸುಗಳ ಒಂದು ಹಿಂಡು ಇದೆಯೆಂದು ಇಟ್ಟುಕೊಳ್ಳೋಣ. ಬರೀ ಹುಲ್ಲು ಮೇಯ್ದು ಬದುಕುವ ಹಸು ಪ್ರತಿ ವರ್ಷ ಈಯುವುದಿಲ್ಲ. ವರ್ಷಕ್ಕೆ 60 ಕರು ಹುಟ್ಟಿದರೆ ಒಳ್ಳೆಯ ವರ್ಷ. ಅರ್ಧ ಹೆಣ್ಣು, ಅಂದರೆ 30. ರೋಗ, ಚಿರತೆ, ಬೇಸಿಗೆ ಎಲ್ಲ ಕಳೆದು ಚೊಚ್ಚಲು ಈಯುವ ವಯಸ್ಸಿಗೆ 20 ಉಳಿದಾವು. ಒಂದು ಹಸು ಏಳೆಂಟು ವರ್ಷ ಹಿಂಡಿನಲ್ಲಿ ಇರುವುದಾದರೆ ಪ್ರತಿ ವರ್ಷ ಹನ್ನೆರಡು ಹದಿಮೂರು ಹಸುಗಳ ಜಾಗ ಖಾಲಿಯಾಗುತ್ತದೆ. ಇಪ್ಪತ್ತರಲ್ಲಿ ಹದಿಮೂರನ್ನು ಆರಿಸಿ ಏಳನ್ನು ಬಿಡಬಹುದು. ತಳಿ ಸುಧಾರಣೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದೆಲ್ಲ ತಾಯಿಯ ಕಡೆಯಿಂದ ನಡೆಯುವುದು ಈ ಏಳರ ಅಂತರದಲ್ಲಿ. ಒಂದು ಬರಗಾಲ ಬಂದು ಇಪ್ಪತ್ತು ಹತ್ತಕ್ಕಿಳಿದರೆ ಆಯ್ಕೆಯ ಮಾತೇ ಇಲ್ಲ; ಇದ್ದ ಹತ್ತನ್ನೂ ಉಳಿಸಿಕೊಂಡರೂ ಹಿಂಡು ಕರಗುತ್ತದೆ.

ಮೂರು ಕಾಲದ ಮೂರು ಕಾವಲು

ಹಾಲು ಬಿಟ್ಟ ಮೊದಲ ಬೇಸಿಗೆ ಕಡಸಿನ ಬಾಳಿನಲ್ಲಿ ದೊಡ್ಡ ಗಂಡಾಂತರ. ತಾಯಿಯ ಹಾಲು ನಿಂತಿರುತ್ತದೆ. ಒಣಹುಲ್ಲನ್ನು ಅರಗಿಸುವ ಹೊಟ್ಟೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಪಶುವೈದ್ಯ ವಿಜ್ಞಾನ ಈಗ ಹೇಳುವಂತೆ, ಕಡಸು ಬೆದೆಗೆ ಬರುವುದು ವಯಸ್ಸನ್ನು ನೋಡಿ ಅಲ್ಲ, ಮೈತೂಕವನ್ನು ನೋಡಿ. ಬೆಳೆದ ಹಸುವಿನ ತೂಕದ ಸುಮಾರು ಶೇಕಡಾ 60ರಷ್ಟನ್ನು ಮುಟ್ಟಿದ ಮೇಲೆಯೇ ಗರ್ಭ ಧರಿಸಲು ಅದು ಯೋಗ್ಯ. ಒಂದು ಬೇಸಿಗೆ ಬೆಳವಣಿಗೆ ನಿಂತರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಅಮೃತ ಮಹಲಿನವರಿಗೆ ತಕ್ಕಡಿಯಿರಲಿಲ್ಲ. ಆದರೆ ಕಾವಲುಗಳನ್ನು ಅವರು ವಿಂಗಡಿಸಿದ ರೀತಿಯಲ್ಲಿ ಈ ಅರಿವು ಕಾಣುತ್ತದೆ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಮಳೆ ಚೆನ್ನಾಗಿ ಬಿದ್ದಾಗ ಎತ್ತರದ ಕಲ್ಲುಭೂಮಿಯಲ್ಲೂ ಹುಲ್ಲು ಸಿಗುತ್ತದೆ. ಅಲ್ಲಿ ನೀರು ನಿಲ್ಲದ್ದರಿಂದ ಗೊರಸಿಗೂ ಒಳ್ಳೆಯದು. ಬೇಸಿಗೆಯ ಕಾವಲುಗಳೇ ಬೇರೆ. ಕೆರೆಯಂಗಳ, ಹಳ್ಳದ ದಂಡೆ, ಮರದ ನೆರಳು, ಬತ್ತದ ನೀರು ಇರುವ ಜಾಗಗಳವು. ಮಳೆ ಹುಯ್ಯುವಾಗ ಅಲ್ಲಿಗೆ ದನ ಬಿಡದೆ ಹುಲ್ಲು ಉಳಿಸಿಕೊಂಡು ಬಿಸಿಲು ಏರಿದ ಮೇಲೆ ಹಿಂಡನ್ನು ಅಲ್ಲಿಗೆ ಇಳಿಸುತ್ತಿದ್ದರು. ಇಡೀ ಕಾವಲು ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ. ಇದರ ಪ್ರಯೋಜನ ಎಲ್ಲ ರಾಸುಗಳಿಗೂ ಇದ್ದರೂ ಬೆಳೆಯುವ ಕಡಸಿಗೆ ಇದು ಜೀವವೇ ಸರಿ.

ಹಿಂಡಿನ ಮೇಲ್ವಿಚಾರಕರಿಗೆ ಸೇರ್ವೆಗಾರರೆಂದು ಹೆಸರು; ದನಗಳೊಂದಿಗೆ ಹಗಲಿರುಳೂ ಇರುವವರು ಕಾವಲುಗಾರರು. ಅಮೃತ ಮಹಲ್ ಹಸು ಹೆಚ್ಚು ಹಾಲು ಕೊಡುವಂಥದ್ದಲ್ಲ, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವಂಥದ್ದೂ ಅಲ್ಲ. ಸೇನೆಯ ಕಾಲದಲ್ಲಿ ಅದರ ಹಾಲಿನ ಹಕ್ಕು ಕರುವಿನದೇ. ಬೆಣ್ಣೆ ಚಾವಡಿಯಾಗಿ ಹುಟ್ಟಿದ ಇಲಾಖೆ ಬೆಣ್ಣೆ ಬಿಟ್ಟದ್ದರಿಂದಲೇ ಪ್ರಸಿದ್ಧವಾಯಿತು ಎನ್ನಬಹುದು.

ಕಡಸುಗಳ ಪಾಲನೆಯಲ್ಲಿ ಮೇವಿನಷ್ಟೇ ಮುಖ್ಯವಾದದ್ದು ಹೋರಿಯ ವಿಚಾರ. ತೆರೆದ ಕಾವಲಿನಲ್ಲಿ ಹಿಂಡಿನೊಂದಿಗೆ ಹೋರಿಯೂ ಮೇಯುತ್ತದೆ. ಒಂದೇ ಹೋರಿ ನಾಲ್ಕು ವರ್ಷ ಅದೇ ಹಿಂಡಿನಲ್ಲಿದ್ದರೆ ತನ್ನ ಮಗಳನ್ನೇ ಹಾರುತ್ತದೆ. ಹಾಗಾಗದಂತೆ ಮೊದಲ ತಂಡದ ಕಡಸುಗಳು ಬೆದೆಗೆ ಬರುವ ಮುನ್ನವೇ ಹೋರಿಯನ್ನು ಬದಲಿಸಬೇಕು. ಆಯ್ಕೆಯಾಗದ ಗಂಡುಗರುಗಳ ಬೀಜ ಒಡೆಯುವುದು ಎತ್ತು ಸಾಧುವಾಗಲಿ ಎಂಬುದಕ್ಕೆ ಮಾತ್ರವಲ್ಲ. ಜೊತೆಯಲ್ಲೇ ಮೇಯುವ ಎಳೆಯ ಕಡಸುಗಳಿಗೆ ಕಂಡಕಂಡ ಹೋರಿ ಕಟ್ಟದಿರಲಿ ಎಂಬುದಕ್ಕೂ ಹೌದು. ಮೈ ಬಲಿಯುವ ಮುನ್ನ ಗಬ್ಬವಾದ ಕಡಸು ಈಯುವಾಗ ಕಷ್ಟಪಡುತ್ತದೆ. ಬದುಕಿದರೂ ಕುಳ್ಳಾಗಿಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಹಿಂಡನ್ನು ಸೇರಿಸಿ ಎಣಿಸುವ ಪದ್ಧತಿ ಇಂಥ ಎಲ್ಲ ತೀರ್ಮಾನಗಳಿಗೂ ಸಮಯವಾಗಿತ್ತು.

1860ರ ಮಾರಾಟ

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಹಿಂಡು ಇಂಗ್ಲಿಷರ ವಶವಾಯಿತು. ಪಾಲನೆಯನ್ನು ಮೈಸೂರು ಸರ್ಕಾರಕ್ಕೆ ವಹಿಸಿದ್ದ ಮೊದಲ ವರ್ಷಗಳಲ್ಲಿ ಹಿಂಡು ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೇನೆಯ ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವೆ ಎಂಬಾತ ಉಸ್ತುವಾರಿ ವಹಿಸಿಕೊಂಡು ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಹುಣಸೂರು ಇಲಾಖೆಯ ಕೇಂದ್ರವಾಯಿತು. ಅಲ್ಲಿಂದ ಅರ್ಧ ಶತಮಾನ ಮದ್ರಾಸ್ ಸೇನೆಯ ಫಿರಂಗಿಗಳನ್ನು ಎಳೆದದ್ದು ಮೈಸೂರಿನ ಎತ್ತುಗಳು.

1857ರ ದಂಗೆಯ ನಂತರ ಖಜಾನೆ ಬರಿದಾಗಿತ್ತು. ಎಲ್ಲೆಡೆ ಮಿತವ್ಯಯದ ಗಾಳಿ. ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಅವರ ಕಾಲದಲ್ಲಿ, 1860ರಲ್ಲಿ, ಅಮೃತ ಮಹಲನ್ನು ಮುಚ್ಚಿ ಹಿಂಡುಗಳನ್ನು ಮಾರಿಬಿಡುವ ತೀರ್ಮಾನವಾಯಿತು. ಎತ್ತು ಬೇಕೆಂದಾಗ ಪೇಟೆಯಲ್ಲಿ ಕೊಂಡರಾಯಿತು, ನೂರಾರು ಕಾವಲು, ಸಾವಿರಾರು ಹಸು ಕಡಸುಗಳನ್ನು ವರ್ಷಪೂರ್ತಿ ಏಕೆ ಸಾಕಬೇಕು ಎಂಬುದು ವಾದ. ಲೆಕ್ಕದ ಪುಸ್ತಕದಲ್ಲಿ ಈ ವಾದ ಸರಿಯಾಗಿಯೇ ಕಾಣುತ್ತದೆ. ಖರ್ಚಿನ ಕಡೆ ಹಸು, ಕಡಸು, ಕಾವಲುಗಾರರ ಸಂಬಳ. ಬರವಿನ ಕಡೆ ಎತ್ತು ಮಾತ್ರ. ಉತ್ತಮ ರಾಸುಗಳಲ್ಲಿ ಹಲವು ಈಜಿಪ್ಟಿನ ಪಾಷಾನಿಗಾಗಿ ಕಡಲು ದಾಟಿದವು. ಉಳಿದವು ಹಳ್ಳಿಹಳ್ಳಿಗಳಿಗೆ ಚದುರಿದವು.

ಪೇಟೆಯಲ್ಲಿ ಅಂಥ ಎತ್ತು ಸಿಗದು ಎಂಬುದು ಬೇಗನೆ ಗೊತ್ತಾಯಿತು. ಸಿಕ್ಕರೂ ಬೆಲೆ ಏರಿತ್ತು. 1866ರಲ್ಲಿ ಸರ್ಕಾರ ತನ್ನ ತೀರ್ಮಾನವನ್ನು ತಾನೇ ತಿರುಗಿಸಿ ಅಮೃತ ಮಹಲನ್ನು ಮತ್ತೆ ಆರಂಭಿಸಿತು. ನಡುವೆ ಹೋದದ್ದು ಆರೇ ವರ್ಷ. ಆದರೆ ಹಿಂಡಿನ ಲೆಕ್ಕದಲ್ಲಿ ನಷ್ಟ ಆರು ವರ್ಷದ್ದಲ್ಲ. ಮಾರಿದ ಎತ್ತಿನ ಬದಲಿಗೆ ಎತ್ತು ಕೊಳ್ಳಬಹುದು. 1860ರಲ್ಲಿ ಕಾವಲಿನಲ್ಲಿದ್ದ ಕಡಸುಗಳು ಮಾತ್ರ ಮರಳಿ ಬರುವಂತಿರಲಿಲ್ಲ. ಅವು ಯಾವ ಹೋರಿಯ ಮಕ್ಕಳು, ಯಾವ ತಾಯಿಯ ಸಾಲಿನವು ಎಂಬುದು ಕಾವಲುಗಾರರ ತಲೆಯಲ್ಲಿತ್ತು. ಕಾವಲುಗಾರರೂ ಚದುರಿದ್ದರು. 1866ರಲ್ಲಿ ಕೊಂಡು ತಂದ ಹಸು ಮರುವರ್ಷವೇ ಗಂಡುಗರು ಹಾಕಿತೆಂದರೂ ಅದು ನೊಗಕ್ಕೆ ಬರುವುದು 1872ಕ್ಕೆ. ಹೆಣ್ಣುಗರು ಹಾಕಿದರೆ ಅದರ ಮಗ ಎತ್ತಾಗುವ ಹೊತ್ತಿಗೆ 1876 ಬಂದಿರುತ್ತದೆ. ಅದೇ ವರ್ಷ ಮೈಸೂರು ಸೀಮೆಗೆ ಘೋರ ಬರಗಾಲ ಬಡಿಯಿತು. 1876ರಿಂದ 78ರವರೆಗೆ ಜನರೇ ಲಕ್ಷಗಟ್ಟಲೆ ಸತ್ತ ಕಾಲದಲ್ಲಿ ದನಗಳ ಪಾಡು ಹೇಳಬೇಕಾದ್ದಿಲ್ಲ. ಮೈಸೂರು ಮತ್ತೆ ಒಡೆಯರ ಕೈಗೆ ಬಂದ ಬೆನ್ನಲ್ಲೇ, 1880ರ ದಶಕದ ಆರಂಭದಲ್ಲಿ, ಅಮೃತ ಮಹಲ್ ಕೂಡ ಸಂಸ್ಥಾನದ ಕೈ ಸೇರಿತು.

ಹಟ್ಟಿಯ ಮಣಕ

ಸರ್ಕಾರಿ ಕಾವಲಿನಾಚೆ, ಒಂದೆರಡು ರಾಸು ಕಟ್ಟಿಕೊಂಡ ರೈತನ ಮನೆಯಲ್ಲಿ ಕಡಸನ್ನು ಉಳಿಸಿಕೊಳ್ಳುವ ಉಪಾಯಗಳೇ ಬೇರೆ. ಮೇವಿಲ್ಲದವನು ಹೆಣ್ಣುಗರುವನ್ನು ಮಾರುವ ಬದಲು ಪಾಲಿಗೆ ಕೊಡುತ್ತಾನೆ. ಸಾಕಿದವನು ಅದನ್ನು ಈಯುವವರೆಗೆ ಮೇಯಿಸುತ್ತಾನೆ. ಆಮೇಲೆ ಬೆಲೆ ಕಟ್ಟಿ ಇಬ್ಬರೂ ಹಂಚಿಕೊಳ್ಳುತ್ತಾರೆ, ಇಲ್ಲವೇ ಒಬ್ಬರಿಗೆ ಹಸು, ಇನ್ನೊಬ್ಬರಿಗೆ ಕರು. ದನವೇ ಇಲ್ಲದ ಕೂಲಿಯ ಮನೆಗೆ ಹಸು ಬಂದದ್ದು ಎಷ್ಟೋ ಸಲ ಈ ದಾರಿಯಿಂದ. ಮದುವೆಯಾಗಿ ಹೋಗುವ ಮಗಳಿಗೆ ಬಳುವಳಿಯಾಗಿ ಹಸುವನ್ನೋ ಕಡಸನ್ನೋ ಕೊಡುವ ಪದ್ಧತಿಯೂ ಇತ್ತು. ತವರಿನ ಹಟ್ಟಿಯ ಸಾಲು ಮಗಳೊಂದಿಗೆ ಇನ್ನೊಂದು ಊರಿಗೆ ಹೋಗಿ ಬೇರು ಬಿಡುತ್ತಿತ್ತು.

ಹಾಲು ಬಿಡಿಸಲು ಕರುವಿನ ಬಾಯಿಗೆ ಕುಕ್ಕೆ ಕಟ್ಟುವುದು, ವಯಸ್ಸನ್ನು ಹಲ್ಲಿನಿಂದ ಹೇಳುವುದು, ಅಮ್ಮನ ಕೆಚ್ಚಲು ನೋಡಿ ಮಗಳನ್ನು ಅಳೆಯುವುದು ಎಲ್ಲವೂ ಮನೆಮನೆಯ ವಿದ್ಯೆ. ನಾಟಿ ಹಸು ಕರು ಮುಂದೆ ನಿಲ್ಲದೆ ಸೊರೆಬಿಡುವುದಿಲ್ಲವಾದ್ದರಿಂದ ಕರುವಿಗೆ ಎಷ್ಟೋ ಅಷ್ಟು ಹಾಲು ಸಿಕ್ಕೇ ಸಿಗುತ್ತಿತ್ತು. ಆ ಹಸುವಿನ ಹಠವೇ ಕರುವಿಗೆ ವಿಮೆ.

1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಭಾರತದ ದನಗಳ ವಿಷಯದಲ್ಲಿ ದೀರ್ಘವಾಗಿ ಬರೆಯಿತು. ಆಯೋಗದ ಅಧ್ಯಕ್ಷ ಲಾರ್ಡ್ ಲಿನ್‌ಲಿತ್‌ಗೋ ಮುಂದೆ ವೈಸರಾಯ್ ಆದಾಗ ಉತ್ತಮ ಹೋರಿಗಳನ್ನು ದಾನ ಮಾಡಿರೆಂದು ಶ್ರೀಮಂತರಿಗೆ ಕರೆಕೊಟ್ಟರು. ಸರ್ಕಾರದ ಕಣ್ಣು ಹೋರಿಯ ಮೇಲೆ ನೆಟ್ಟದ್ದು ಸಹಜ. ಒಂದು ಹೋರಿಯಿಂದ ನೂರು ಕರು. ಆದರೆ ಆ ನೂರರಲ್ಲಿ ಐವತ್ತು ಹೆಣ್ಣುಗರುಗಳಿಗೆ ನಾಲ್ಕು ವರ್ಷ ಮೇವು ಯಾರು ಹಾಕಬೇಕು ಎಂಬ ಪ್ರಶ್ನೆ ಯೋಜನೆಗಳ ಅಂಚಿನಲ್ಲೇ ಉಳಿಯಿತು.

ಹೋರಿಯನ್ನು ಕಣ್ಣಾರೆ ಕಾಣದೆಯೇ ಕಡಸು ಗಬ್ಬವಾಗುವ ಕಾಲ ಬಂದದ್ದೂ ಮೈಸೂರಿನಿಂದಲೇ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರು ಅರಮನೆಯ ಡೇರಿಯಲ್ಲಿ. ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಅದನ್ನು ಪ್ರಯೋಗಿಸಿದರು. 1960ರ ದಶಕದಲ್ಲಿ ಬೆಂಗಳೂರಿನ ಪಕ್ಕದ ಹೆಸರುಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಬಂದ ಮೇಲೆ ಮಿಶ್ರತಳಿ ಹಳ್ಳಿಗಳನ್ನು ಮುಟ್ಟಿತು. ಸಣ್ಣ ಮೈಯ ನಾಟಿ ಕಡಸಿಗೆ ದೊಡ್ಡ ಮೈಯ ವಿದೇಶಿ ಹೋರಿಯ ಬೀಜ ಕೊಡಿಸಿ, ಈಯುವಾಗ ತಾಯಿ ಕರು ಎರಡನ್ನೂ ಕಳೆದುಕೊಂಡ ಮನೆಗಳ ಅನುಭವದಿಂದಲೇ ಕಡಸಿಗೆ ಬೇರೆ ಆಯ್ಕೆ ಇರಬೇಕೆಂಬ ಪಾಠ ಬಂದದ್ದು.

ಮಿಶ್ರತಳಿ ಹಸು ಕರುವಿಲ್ಲದೆಯೂ ಕರೆಯುತ್ತದೆ. ಊರಿಗೆ ಡೇರಿ ಬಂತು, ಲೀಟರಿಗೆ ಹಣ ಬಂತು. ಅದರೊಂದಿಗೆ ಕೌಟಿಲ್ಯ ಹೆದರಿದ್ದ ಆಮಿಷವೂ ಬಂತು. ಕರುವಿಗೆ ಹೋಗಬೇಕಾದ ಎರಡು ಮೂರು ಲೀಟರ್ ಕ್ಯಾನಿಗೆ ಹೋದರೆ ಅಂದೇ ಲಾಭ ಕಾಣುತ್ತದೆ. ಪಶುವೈದ್ಯರು ಹೇಳುವ ಪ್ರಕಾರ ಮೈತೂಕದ ಹತ್ತನೇ ಒಂದರಷ್ಟು ಹಾಲು ಕುಡಿದು, ಮೂರು ತಿಂಗಳಿಗೆ ಹಾಲು ಬಿಟ್ಟು, ಹಿಂಡಿ ಹಸಿಮೇವಿನ ಮೇಲೆ ಬೆಳೆದ ಮಿಶ್ರತಳಿ ಕಡಸು ಒಂದೂವರೆ ವರ್ಷದ ಹೊತ್ತಿಗೆ 250 ಕಿಲೋ ಸಮೀಪಿಸಿ ಗರ್ಭಕ್ಕೆ ಸಿದ್ಧವಾಗಬೇಕು, ಎರಡೂವರೆ ವರ್ಷಕ್ಕೆ ಈಯಬೇಕು. ಹಳ್ಳಿಗಳಲ್ಲಿ ಇದು ಮೂರು ವರ್ಷ ದಾಟುವುದು ಸಾಮಾನ್ಯ. ತಡವಾದ ಆ ತಿಂಗಳುಗಳ ಮೇವಿನ ಖರ್ಚು ಯಾರೂ ಬರೆದಿಡದ ಸಾಲ.

ಕಡಸಿನ ಮೇಲೆ ಸರ್ಕಾರದ ಕಣ್ಣು ನೇರವಾಗಿ ಬಿದ್ದ ಅಪರೂಪದ ಉದಾಹರಣೆ ಕಂದು ಹಾಕುವ ರೋಗದ್ದು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಇದರ ರೋಗಾಣುವನ್ನು ಕಂಡುಹಿಡಿದ. ಬ್ರುಸೆಲ್ಲೋಸಿಸ್ ಎಂದು ಕರೆಯುವ ಈ ರೋಗ ತಗುಲಿದ ಹಸು ತುಂಬಿದ ಗಬ್ಬವನ್ನು ಕಳೆದುಕೊಳ್ಳುತ್ತದೆ. ಹಸಿಹಾಲಿನಿಂದ, ಕಂದು ಹಾಕಿದ ಕೊಟ್ಟಿಗೆಯನ್ನು ಬಳಿಯುವುದರಿಂದ ಮನುಷ್ಯರಿಗೂ ಹರಡುತ್ತದೆ. ಇದರ ಲಸಿಕೆ ಹಾಕುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಸೇರಿತು. ಲಿಂಗ ವಿಂಗಡಿಸಿದ ವೀರ್ಯವೂ ಈಗ ಬಂದಿದ್ದು, ಹುಟ್ಟುವ ಕರುಗಳಲ್ಲಿ ಬಹುಪಾಲು ಹೆಣ್ಣೇ ಆಗುವಂತೆ ಮಾಡಬಹುದು. ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರು ಬೇಡವಾಗಿದೆ. ಟಿಪ್ಪುವಿನ ಲೆಕ್ಕ ಪೂರ್ತಿ ತಲೆಕೆಳಗಾಗಿದೆ.

ಎರಡನೆಯ ನಷ್ಟ

ಅಮೃತ ಮಹಲ್ ಹಿಂಡಿಗೆ ಎರಡನೆಯ ಪೆಟ್ಟು ಬಿದ್ದದ್ದು ಹರಾಜಿನಿಂದಲ್ಲ, ಭೂಮಿಯಿಂದ. ಹಾಸನ, ತುಮಕೂರು, ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಕಾವಲುಗಳ ಬಹುಪಾಲು 20ನೆಯ ಶತಮಾನದಲ್ಲಿ ಸಾಗುವಳಿಗೆ, ಊರು ಕಟ್ಟಲು, ನೆಡುತೋಪುಗಳಿಗೆ ಹೋಯಿತು. ಉಳುಮೆಗೆ ಮೊದಲು ಕಣ್ಣಿಗೆ ಬೀಳುವುದು ನೀರಿನ ಸೆಲೆಯ, ಆಳವಾದ ಮಣ್ಣಿನ ಜಾಗ. ಅಂದರೆ ಬೇಸಿಗೆ ಕಾವಲಿನಂಥದ್ದೇ. ಭೂಮಿಯಿಲ್ಲದವನಿಗೆ ಆ ಜಾಗದ ಮೇಲೆ ಆಸೆ ಹುಟ್ಟಿದ್ದನ್ನು ತಪ್ಪೆನ್ನುವಂತಿಲ್ಲ. ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ, ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಹಳ್ಳಿಗಳ ಜನ ಹೋರಾಡಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿಗೆ 2011ರಲ್ಲಿ ಸಂರಕ್ಷಣಾ ಮೀಸಲಿನ ಪಟ್ಟ ಸಿಕ್ಕಿತು. ಅದು ದನಗಳ ಹೆಸರಿನಲ್ಲಲ್ಲ, ಅಲ್ಲಿನ ಕೃಷ್ಣಮೃಗಗಳ ಹೆಸರಿನಲ್ಲಿ.

ಕಾವಲು ಕಡಿಮೆಯಾದರೆ ಕಡಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಮಿಶ್ರತಳಿಗೆ ಅದು ಸರಿ. ದಿನವೆಲ್ಲ ನಡೆದು, ಬಿಸಿಲಿನಲ್ಲಿ ಮೇಯ್ದು, ಒಣಹುಲ್ಲಿನಲ್ಲೂ ಮೈ ಹಿಡಿಯುವ ಕಡಸನ್ನು ಗುರುತಿಸಿ ಅದನ್ನೇ ಹಿಂಡಿನಲ್ಲಿ ಉಳಿಸಿಕೊಂಡದ್ದರಿಂದ ಆದ ತಳಿ ಇದು. ನಡೆಯದ ಕಡಸುಗಳಲ್ಲಿ ನಡೆಯಬಲ್ಲದ್ದು ಯಾವುದೆಂದು ಆರಿಸಲು ಬರುವುದಿಲ್ಲ. ಅಜ್ಜಂಪುರದ ಕೇಂದ್ರದವರು ಇಂದಿಗೂ ಹಿಂಡುಗಳನ್ನು ಉಳಿದ ಕಾವಲುಗಳಲ್ಲಿ ಬಯಲಿನಲ್ಲೇ ಮೇಯಿಸುತ್ತಾರೆ. ಈ ವರ್ಷ ಅಲ್ಲಿ ಹುಟ್ಟುವ ಹೆಣ್ಣುಗರು ಚೊಚ್ಚಲು ಈಯುವ ಹೊತ್ತಿಗೆ ನಾಲ್ಕು ಬೇಸಿಗೆ ದಾಟಿರಬೇಕು, ಆ ನಾಲ್ಕು ಬೇಸಿಗೆಗೂ ಎಲ್ಲೋ ಒಂದು ಕೆರೆಯಂಗಳದಲ್ಲಿ ಹುಲ್ಲು ಉಳಿದಿರಬೇಕು.